ಜಲಮಿತಿ, ಅಗ್ನಿಮಿತಿ: ಒಂದು ವ್ರತವಿಚಾರ

ಅಷ್ಟಮಿ, ಚತುರ್ದಶಿಗಳಂದು ಉಪವಾಸ ಕೈಗೊಳ್ಳುವ ಶ್ರಾವಕನು ಆಹಾರವನ್ನು ತ್ಯಜಿಸುತ್ತಾನೆ. ಏಕೆ ತ್ಯಜಿಸುತ್ತಾನೆಂಬ ಪ್ರಶ್ನೆಗೆ ಆಚಾರ್ಯರು ಕೊಟ್ಟ ಉತ್ತರ ಕೇವಲ ಉದರಕ್ಕೆ ಸಂಬಂಧಿಸಿದುದಲ್ಲ. ಇಂದ್ರಿಯಗಳು ತಮ್ಮ ತಮ್ಮ ವಿಷಯಗಳಿಂದ ಹಿಂದೆ ಸರಿದು ಜೀವನು ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ಆಹಾರತ್ಯಾಗವು ಅದಕ್ಕೆ ಸಾಧನ. ಆದುದರಿಂದಲೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡತಕ್ಕವುಗಳನ್ನು ಎಣಿಸುವಾಗ ಪಂಚಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪಗಳನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ಆರಂಭವೆಂದರೆ ಜೀವಬಾಧೆಗೆ ಕಾರಣವಾಗುವ ಗೃಹಕೃತ್ಯಗಳು: ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು ಇತ್ಯಾದಿ. ಹೊಟ್ಟೆಯೊಂದು ವಿರಮಿಸಿದರೆ ಸಾಲದು, ಒಲೆಯೂ ಕೊಡವೂ ಆ ದಿನ ವಿರಮಿಸಬೇಕೆಂಬುದು ಇದರ ಭಾವ.

ಈ ಮಾತನ್ನು ಮುಂದಿಟ್ಟುಕೊಂಡು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಶ್ರಾವಕರ ಮನೆಗಳಲ್ಲಿ ಪರ್ವದಿನದ ಬೆಳಗು ಹೇಗೆ ಸಾಗುತ್ತದೆಂಬುದನ್ನು ನೋಡಬೇಕು. ಸೂರ್ಯೋದಯಕ್ಕೆ ಮೊದಲೇ ಗೀಸರು ಹೊತ್ತಿಕೊಂಡಿರುತ್ತದೆ. ಮನೆಮಂದಿಯ ಸ್ನಾನ ಒಂದಾದ ಮೇಲೊಂದರಂತೆ ನಡೆಯುತ್ತದೆ. ಹಿಂದಿನ ದಿನ ತೊಳೆದ ನೆಲ ಮಡಿಯ ನೆಪದಲ್ಲಿ ಮತ್ತೆ ತೊಳೆಯಲ್ಪಡುತ್ತದೆ. ಒಗೆದು ಮಡಿಸಿಟ್ಟ ಬಟ್ಟೆ ಮತ್ತೆ ಯಂತ್ರಕ್ಕೆ ಬೀಳುತ್ತದೆ. ಇಬ್ಬರು ಕುಡಿಯುವ ನೀರಿಗಾಗಿ ದೊಡ್ಡ ಪಾತ್ರೆ ತುಂಬ ಕುದಿಸಿಡುತ್ತಾರೆ. ಸಂಜೆಯಾಗುವಾಗ ಮನೆಯ ಹಿರಿಯರ ಉಪವಾಸ ನಿರ್ವಿಘ್ನವಾಗಿ ನೆರವೇರಿರುತ್ತದೆ. ಆದರೆ ಗೋಡೆಯ ಮೇಲಿನ ವಿದ್ಯುತ್ ಮೀಟರಾಗಲಿ ಗೇಟಿನ ಬಳಿಯ ನೀರಿನ ಮೀಟರಾಗಲಿ ಆ ದಿನ ಉಪವಾಸ ಮಾಡಿರುವುದಿಲ್ಲ; ಇತರ ದಿನಗಳಿಗಿಂತ ಹೆಚ್ಚಾಗಿಯೇ ಓಡಿರುತ್ತವೆ.

ನೀರನ್ನು ಉಳಿಸಬೇಕೆಂದು ನಗರವು ಹೇಳುತ್ತಿದೆ. ಇಂಗಾಲದ ಹೊಗೆಯನ್ನು ತಗ್ಗಿಸಬೇಕೆಂದು ಲೋಕವು ಹೇಳುತ್ತಿದೆ. ಇವೆರಡೂ ಬೇರೆ ಬೇರೆ ಕರ್ತವ್ಯಗಳೆಂದೂ, ಒಂದನ್ನು ಸಾಧಿಸಹೊರಟರೆ ಇನ್ನೊಂದು ಕೆಡುತ್ತದೆಂದೂ ಕೆಲವರು ಭಾವಿಸುತ್ತಾರೆ. ಶ್ರಾವಕಾಚಾರದ ದೃಷ್ಟಿಯಿಂದ ಇವು ಎರಡೋ ಒಂದೋ, ವಿರೋಧ ಬಂದಾಗ ಯಾವುದಕ್ಕೆ ಮೊದಲ ಮನ್ನಣೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಆಗಮದ ದೃಷ್ಟಿ

ಭೂಮಿ, ಜಲ, ಅಗ್ನಿ, ವಾಯು, ವನಸ್ಪತಿಗಳನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯಗಳು ಸ್ಥಾವರ ಜೀವಗಳು. ಇವಲ್ಲದೆ ನೀರನ್ನು ಆಶ್ರಯಿಸಿ ಬದುಕುವ ತ್ರಸಜೀವಗಳು ಲೆಕ್ಕವಿಲ್ಲದಷ್ಟು ಉಂಟು. ಮಹಾವ್ರತಿಗಳಾದ ಮುನಿಗಳು ಇವೆಲ್ಲವುಗಳ ಹಿಂಸೆಯನ್ನೂ ಬಿಟ್ಟವರು; ಆದುದರಿಂದ ಅವರಿಗೆ ಸ್ನಾನವೂ ಇಲ್ಲ, ಒಲೆಯೂ ಇಲ್ಲ. ಗೃಹಸ್ಥನಿಗೆ ಅದು ಶಕ್ಯವಲ್ಲ. ಅವನು ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಬಿಡುತ್ತಾನೆ. ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಡಲಾರ. ಆದರೆ ಬಿಡಲಾರದ್ದು ಎಷ್ಟೋ ಅಷ್ಟಕ್ಕೆ ಮಾತ್ರ ಅನುಮತಿ, ಉಳಿದುದನ್ನು ಬಿಡಲೇಬೇಕೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳೊಡನೆ ವ್ಯವಹರಿಸುವುದಕ್ಕೆ ಪ್ರಮಾದಚರ್ಯೆ ಎಂದು ಹೆಸರು. ಅದು ಅನರ್ಥದಂಡದ ಒಂದು ಭೇದ. ಇಲ್ಲಿ ನೀರು ಬೆಂಕಿಗಳನ್ನು ಆಚಾರ್ಯರು ಒಂದೇ ಸಾಲಿನಲ್ಲಿ ಕೂಡಿಸಿಯೇ ಹೇಳಿರುವುದು ಗಮನಾರ್ಹ.

ನೀರನ್ನು ಗಾಳಿಸುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ದಪ್ಪನಾದ ಬಟ್ಟೆಯನ್ನು ಇಮ್ಮಡಿಯಾಗಿ ಮಡಿಸಿ ನೀರನ್ನು ಸೋಸಬೇಕು; ಸೋಸಿದ ನೀರಿಗೆ ಎರಡು ಘಳಿಗೆಯ ಮಿತಿ. ಇಷ್ಟು ಬಹುಮಂದಿಗೆ ತಿಳಿದಿದೆ. ಆದರೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರು ಬಂದ ಬಾವಿಗೋ ಕೆರೆಗೋ, ಅದೇ ಜಲಾಶಯಕ್ಕೆ, ಜತನದಿಂದ ಮರಳಿಸಿದಾಗಲೇ ಆ ಕ್ರಿಯೆ ಪೂರ್ಣವಾಗುತ್ತದೆ. ಈ ವಿಧಿಯನ್ನು ರೂಪಿಸಿದವರ ಮನಸ್ಸಿನಲ್ಲಿ ನೀರು ಕುಡಿಯುವವನು ನೀರಿನ ಮೂಲಕ್ಕೆ ನಡೆದು ಹೋಗಿ ಬರುವಷ್ಟು ಹತ್ತಿರದಲ್ಲಿದ್ದಾನೆ. ಶ್ರವಣಬೆಳಗೊಳದ ಹೆಸರಿನಲ್ಲಿಯೇ ಒಂದು ಕೊಳವಿದೆ. ಚಂದ್ರಗಿರಿ ವಿಂಧ್ಯಗಿರಿಗಳ ನಡುವೆ ಅದು ಇಂದಿಗೂ ಕಣ್ಣಿಗೆ ಕಾಣುತ್ತದೆ. ಅಲ್ಲಿ ನೀರು ಸೋಸಿದವನು ಬಟ್ಟೆಯನ್ನು ಎಲ್ಲಿ ಜಾಲಿಸಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬನಶಂಕರಿಯ ನಲ್ಲಿಯ ನೀರನ್ನು ಸೋಸುವವನು ಆ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ನಗರದ ನೀರು ಬರುವ ದಾರಿ

ಬೆಂಗಳೂರು ನದಿಯ ದಡದ ಊರಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲಿನ ಊರು. ಕೆರೆಗಳೂ ಬಾವಿಗಳೂ ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂದಿತು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂದಿತು. 1982, 1993, 2002, 2012ರಲ್ಲಿ ಮುಂದಿನ ಹಂತಗಳು ಸೇರಿದುವು. 2024ರ ಅಕ್ಟೋಬರ್ 16ರಂದು ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರಿನ ಸಾಮರ್ಥ್ಯ ಕೂಡಿಕೊಂಡಿತು.

ಈ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಹಾರೋಹಳ್ಳಿ, ತಾತಗುಣಿಗಳ ಮೂಲಕ, ಸುಮಾರು 100 ಕಿಲೋಮೀಟರ್ ದೂರ ಪಯಣಿಸಿ ನಗರವನ್ನು ಮುಟ್ಟುತ್ತದೆ. ನೀರು ತಾನಾಗಿ ಇಳಿಯಬಲ್ಲುದೇ ಹೊರತು ಏರಲಾರದು. ಮೂರು ಕಡೆಗಳಲ್ಲಿ ಭಾರಿ ಪಂಪುಗಳು ಅದನ್ನು ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ದೂಡುತ್ತವೆ. ಸಾವಿರ ಲೀಟರ್ ನೀರು, ಎಂದರೆ ಒಂದು ಟನ್ ಭಾರ, ಅಷ್ಟು ಎತ್ತರಕ್ಕೆ ಏರಲು ಭೌತಶಾಸ್ತ್ರದ ಲೆಕ್ಕದಂತೆ 1.36 ಯೂನಿಟ್ ವಿದ್ಯುತ್ತು ಬೇಕು. ಯಂತ್ರಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಹತ್ತಿರ ಹತ್ತಿರ ಎರಡು ಯೂನಿಟ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನವನ್ನು ಹಿಡಿದರೆ ನಾಲ್ವರ ಸಂಸಾರಕ್ಕೆ 540 ಲೀಟರ್. ಆ ಸಂಸಾರವು ದೀಪ ಹಚ್ಚುವ ಮೊದಲೇ, ಒಲೆ ಮುಟ್ಟುವ ಮೊದಲೇ, ದಿನಕ್ಕೊಂದು ಯೂನಿಟ್ ವಿದ್ಯುತ್ತನ್ನು ನೀರಿನ ರೂಪದಲ್ಲಿ ಬಳಸಿ ಮುಗಿಸಿರುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿಯಲ್ಲಿ ಪ್ರತಿ ಯೂನಿಟ್ಟಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಆಕಾಶವನ್ನು ಸೇರುತ್ತದೆ. ಹೀಗೆ ನಲ್ಲಿಯಿಂದ ಬೀಳುವ ತಣ್ಣೀರಿನ ಒಳಗೂ ಬೆಂಕಿಯಿದೆ.

ಬೆಂಕಿಯ ಒಳಗೂ ನೀರಿದೆ. ಕಲ್ಲಿದ್ದಲಿನ ವಿದ್ಯುತ್ ಕೇಂದ್ರಗಳಲ್ಲಿ ಹಬೆಯನ್ನು ತಣಿಸಲು ನೀರು ಆವಿಯಾಗಿ ಹೋಗುತ್ತದೆ. ತಂಪುಗೋಪುರಗಳುಳ್ಳ ಹಳೆಯ ಕೇಂದ್ರಗಳಿಗೆ ಕೇಂದ್ರ ಸರ್ಕಾರವು 2015ರಲ್ಲಿ ವಿಧಿಸಿದ ಮಿತಿಯೇ ಯೂನಿಟ್ಟಿಗೆ ಮೂರೂವರೆ ಲೀಟರ್. ರಾಯಚೂರಿನ ಕೇಂದ್ರಕ್ಕೆ ಬೇಕಾದ ನೀರನ್ನು ಕೃಷ್ಣೆ ಕೊಡುತ್ತಾಳೆ. ಆದುದರಿಂದ ಜೆ.ಪಿ. ನಗರದ ಮನೆಯಲ್ಲಿ ವ್ಯರ್ಥವಾಗಿ ಉರಿದ ದೀಪವು ಎಲ್ಲೋ ಒಂದು ನದಿಯಿಂದ ಗುಟುಕು ನೀರನ್ನು ಕಸಿದಿರಬಹುದು. ಇನ್ನೂ ಒಂದು ವಿಚಿತ್ರವಿದೆ. ಬೆಂಗಳೂರಿಗೆ ನೀರನ್ನು ತಿರುಗಿಸಿಕೊಳ್ಳುವ ಎಡೆಯ ಸಮೀಪದಲ್ಲಿಯೇ ಶಿವನಸಮುದ್ರದ ಜಲಪಾತ. ಅಲ್ಲಿ ಕಾವೇರಿ ಧುಮುಕುವ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ದೀಪಗಳಿಗೂ ವಿದ್ಯುತ್ತು ಹರಿಯಿತು. ಇಳಿಯುತ್ತ ಬೆಳಕನ್ನು ಕೊಟ್ಟ ನದಿಯನ್ನೇ ಇಂದು ವಿದ್ಯುತ್ತಿನಿಂದ ಮೇಲಕ್ಕೆ ಏರಿಸಲಾಗುತ್ತಿದೆ. ಮಳೆ ಕೈಕೊಟ್ಟ 2023ರಲ್ಲಿ ರಾಜ್ಯಕ್ಕೆ ನೀರಿನ ಕೊರತೆಯೊಡನೆ ವಿದ್ಯುತ್ತಿನ ಕೊರತೆಯೂ ಬಂದುದು ಈ ನಂಟಿನಿಂದಲೇ.

ದಿಗ್ವ್ರತವೂ ನಲ್ಲಿಯೂ

ಇಲ್ಲಿ ಗುಣವ್ರತಗಳ ನೆನಪು ಸಹಾಯಕ್ಕೆ ಬರುತ್ತದೆ. ದಿಗ್ವ್ರತದಲ್ಲಿ ಶ್ರಾವಕನು ಹತ್ತು ದಿಕ್ಕುಗಳಲ್ಲಿ ತನ್ನ ವ್ಯವಹಾರಕ್ಕೆ ಜೀವನಪರ್ಯಂತದ ಎಲ್ಲೆಯನ್ನು ಹಾಕಿಕೊಳ್ಳುತ್ತಾನೆ. ದೇಶವ್ರತದಲ್ಲಿ ಆ ಎಲ್ಲೆಯನ್ನು ಇಂತಿಷ್ಟು ದಿನಗಳಿಗೆ ಇಂತಹ ಮನೆ, ಇಂತಹ ಬೀದಿ ಎಂದು ಮತ್ತಷ್ಟು ಕಿರಿದಾಗಿಸಿಕೊಳ್ಳುತ್ತಾನೆ. ಎಲ್ಲೆಯ ಹೊರಗಿರುವ ಜೀವರಾಶಿಗೆ ತನ್ನಿಂದ ಅಭಯ ಸಿಗಲೆಂಬುದೇ ಇದರ ಉದ್ದೇಶ. ದಿಗ್ವ್ರತದ ಅತಿಚಾರಗಳಲ್ಲಿ ಮೇಲಿನ ಮತ್ತು ಕೆಳಗಿನ ಎಲ್ಲೆಗಳನ್ನು ಮೀರುವುದೂ ಸೇರಿದೆ. ಕೆಳಗಿನ ಎಲ್ಲೆಯನ್ನು ಮೀರುವುದಕ್ಕೆ ವ್ಯಾಖ್ಯಾನಕಾರರು ಬಾವಿಗೆ ಇಳಿಯುವುದನ್ನೇ ಉದಾಹರಣೆಯಾಗಿ ಹೇಳಿದ್ದಾರೆ. ದೇಶವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಆನಯನ, ಎಲ್ಲೆಯೊಳಗೆ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು. ಎರಡನೆಯದು ಪ್ರೇಷ್ಯಪ್ರಯೋಗ, ತಾನು ಹೋಗದೆ ಸೇವಕನನ್ನು ಕಳುಹಿಸಿ ಕೆಲಸ ಮಾಡಿಸುವುದು.

ಪರ್ವಕಾಲದಲ್ಲಿ ಜಯನಗರದ ಬಡಾವಣೆಯನ್ನು ದಾಟುವುದಿಲ್ಲವೆಂದು ನಿಯಮ ಮಾಡಿಕೊಂಡ ಶ್ರಾವಕನು ನಲ್ಲಿಯನ್ನು ತಿರುಗಿಸಿದಾಗ ಅವನ ಕೈ ತೊರೆಕಾಡನಹಳ್ಳಿಯವರೆಗೆ ಚಾಚುತ್ತದೆ. ಕೊಳವೆಬಾವಿಯ ಗುಂಡಿಯನ್ನು ಒತ್ತಿದಾಗ ಎಂಟುನೂರು, ಸಾವಿರ ಅಡಿಗಳ ಆಳಕ್ಕೆ ಇಳಿಯುತ್ತದೆ. ಹಿಂದೆ ಸೇವಕನನ್ನು ಕಳುಹಿಸುತ್ತಿದ್ದಲ್ಲಿ ಇಂದು ಯಂತ್ರವನ್ನು ಕಳುಹಿಸಲಾಗುತ್ತಿದೆ.

ಶಂಕೆ: ನೀರು ಎಲ್ಲರ ಮನೆಗೂ ಹರಿದು ಬರುವ ಸಾರ್ವಜನಿಕ ವ್ಯವಸ್ಥೆ. ಅದನ್ನು ಯಾರೊಬ್ಬರೂ ತರಿಸಿಕೊಂಡುದಲ್ಲ. ಹೀಗಿರಲಾಗಿ ಆನಯನದ ದೋಷ ಹೇಗೆ ಸಂಭವಿಸುತ್ತದೆ?

ಸಮಾಧಾನ: ಅಕ್ಷರಶಃ ದೋಷವೆಂದು ಇಲ್ಲಿ ಹೇಳುತ್ತಿಲ್ಲ. ನಗರದಲ್ಲಿ ಬಾಳುವವನು ಕಾವೇರಿಯ ನೀರನ್ನು ಬಿಟ್ಟು ಬದುಕಲಾರ. ಆಗದುದನ್ನು ವ್ರತವು ಬೇಡುವುದಿಲ್ಲ. ಆದರೆ ಆಚಾರ್ಯರು ಆನಯನವನ್ನು ಏಕೆ ಅತಿಚಾರವೆಂದರೆಂಬುದನ್ನು ವಿಚಾರಿಸಬೇಕು. ಕಾಲು ನಿಂತಿದ್ದರೂ ಬಯಕೆ ನಡೆಯುತ್ತಿದ್ದರೆ ಎಲ್ಲೆಯ ಹೊರಗಿನ ಜೀವಗಳಿಗೆ ಅಭಯ ಸಿಗುವುದಿಲ್ಲ ಎಂಬುದೇ ಕಾರಣ. ಅವಶ್ಯವಾದ 540 ಲೀಟರನ್ನು ಯಾರೂ ಬಯಕೆ ಎನ್ನಲಾರರು. ಅದರ ಮೇಲೆ ಹರಿಯುವ ನೀರಿನ ವಿಷಯದಲ್ಲಿ ಪ್ರತಿಯೊಂದು ಸಂಸಾರವೂ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಎರಡು ಲೆಕ್ಕ, ಒಂದು ವ್ರತ

ನೀರನ್ನು ಮೇಲೇರಿಸುವ ಬೆಂಕಿಗಿಂತ ನೀರನ್ನು ಕಾಯಿಸುವ ಬೆಂಕಿ ಬಹಳ ದೊಡ್ಡದು. ಒಂದು ಲೀಟರ್ ನೀರನ್ನು ಕುದಿಸಲು ಬೇಕಾಗುವ ಶಾಖದ ಪ್ರಮಾಣದಿಂದ, ಒಲೆಯ ನಷ್ಟವನ್ನು ಎಣಿಸದಿದ್ದರೂ, ನಲವತ್ತಕ್ಕೂ ಹೆಚ್ಚು ಲೀಟರ್ ಕಾವೇರಿಯ ನೀರು ನಗರಕ್ಕೆ ಏರಬಲ್ಲುದು. ಸ್ನಾನಕ್ಕೆಂದು 15 ಲೀಟರಿನ ಒಂದು ಬಕೆಟ್ಟು ನೀರನ್ನು 20 ಡಿಗ್ರಿ ಬಿಸಿ ಮಾಡಿದರೆ ಮೂರನೆಯ ಒಂದು ಯೂನಿಟ್ಟಿಗೂ ಸ್ವಲ್ಪ ಹೆಚ್ಚು ವೆಚ್ಚವಾಗುತ್ತದೆ; ಅದು ಸುಮಾರು 170 ಲೀಟರ್ ನೀರನ್ನು ಏರಿಸುವ ವೆಚ್ಚಕ್ಕೆ ಸಮ. ಆದುದರಿಂದ ಬಿಸಿನೀರಿನಲ್ಲಿ ಮಾಡಿದ ಮಿತಿಯೊಂದರಿಂದ ಜಲ, ಅಗ್ನಿ ಎರಡರ ಮಿತಿಯೂ ಒಟ್ಟಿಗೆ ಸಾಧಿಸುತ್ತದೆ.

ಪ್ರಾಸುಕ ಜಲದ ವಿಷಯ ಇಲ್ಲಿ ತಾನಾಗಿ ಬರುತ್ತದೆ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರಗಳ ಮಿತಿ. ಮಿತಿ ಮೀರಿದ ಬಳಿಕ ಅದನ್ನು ಕುಡಿಯುವಂತಿಲ್ಲ, ಮತ್ತೆ ಕುದಿಸುವಂತೆಯೂ ಇಲ್ಲ. ನೀರನ್ನು ಕುದಿಸುವುದರಿಂದಲೇ ಜೀವಹಾನಿಯಾಗುವುದಲ್ಲವೇ, ಹೊಗೆಯೂ ಹೆಚ್ಚುವುದಲ್ಲವೇ ಎಂದು ಕಿರಿಯರು ಕೇಳುವುದುಂಟು. ಕುದಿಸಿದ ನೀರಿನಲ್ಲಿ ಮಿತಿಯೊಳಗೆ ಮತ್ತೆ ಜೀವೋತ್ಪತ್ತಿಯಿಲ್ಲ. ಕುಡಿಯುವಾಗಲೆಲ್ಲ ಹೊಸ ಜೀವಗಳ ಹಾನಿ ತಪ್ಪುತ್ತದೆ. ಇಂದ್ರಿಯಸಂಯಮಕ್ಕೂ ಆರೋಗ್ಯಕ್ಕೂ ಅದು ನೆರವಾಗುತ್ತದೆ. ಆದುದರಿಂದ ಆ ಆರಂಭಕ್ಕೆ ಪ್ರಯೋಜನವಿದೆ. ಆದರೆ ಈ ಸಮಾಧಾನವು ಕುಡಿದ ನೀರಿಗೆ ಮಾತ್ರ ಸಲ್ಲುತ್ತದೆ. ಕುದಿಸಿ, ಕುಡಿಯದೆ, ಮಿತಿ ಮುಗಿದುದರಿಂದ ಮರುದಿನ ಚೆಲ್ಲಿದ ನೀರಿಗೆ ಯಾವ ಸಮಾಧಾನವೂ ಇಲ್ಲ. ಅಲ್ಲಿ ಜಲಕಾಯಿಕ, ಅಗ್ನಿಕಾಯಿಕಗಳೆರಡರ ಬಾಧೆಯೂ ನಿಷ್ಫಲ. ಉಪಭೋಗ ಪರಿಭೋಗಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಕೂಡಿಡುವುದು ಅನರ್ಥದಂಡವ್ರತದ ಅತಿಚಾರವೆಂದು ಸೂತ್ರಕಾರರು ಎಣಿಸಿದ್ದಾರೆ. ಕುದಿಸಿದ ಪಾತ್ರೆಯ ತಳದಲ್ಲಿ ಉಳಿದ ನೀರಿಗೆ ಆ ಮಾತು ನೇರವಾಗಿ ಅನ್ವಯಿಸುತ್ತದೆ. ಮನೆಯಲ್ಲಿ ಎಷ್ಟು ಮಂದಿ, ಯಾರು ಎಷ್ಟು ಲೋಟ ಕುಡಿಯುವರೆಂದು ಎಣಿಸಿ ಕುದಿಸುವುದು ಜಿಪುಣತನವಲ್ಲ, ಅದು ಯತ್ನಾಚಾರ.

ಯೋಚಿಸದೆ ಉಪಕರಣಗಳನ್ನು ಹೂಡುವುದಕ್ಕೆ ಅಸಮೀಕ್ಷ್ಯಾಧಿಕರಣವೆಂದು ಹೆಸರು. ಅದೂ ಅದೇ ವ್ರತದ ಅತಿಚಾರ. ಇಂದಿನ ಮನೆಗಳಲ್ಲಿರುವ ಆರ್.ಓ. ಯಂತ್ರ ಇದಕ್ಕೆ ಉದಾಹರಣೆಯಾಗಬಹುದು. ಅದು ವಿದ್ಯುತ್ತನ್ನು ಬಳಸಿ ಒಂದು ಲೀಟರ್ ನೀರನ್ನು ಕೊಟ್ಟು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುತ್ತದೆ. ಲವಣಾಂಶ ಹೆಚ್ಚಿರುವ ಕೊಳವೆಬಾವಿಯ ನೀರನ್ನು ಅನಿವಾರ್ಯವಾಗಿ ಕುಡಿಯುವವರಿಗೆ ಅದು ಬೇಕಾಗಬಹುದು. ಲವಣಾಂಶ ಕಡಿಮೆಯಿರುವ ಕಾವೇರಿಯ ನೀರಿಗೆ ಅದನ್ನು ಜೋಡಿಸುವುದಕ್ಕೆ ನೆರೆಮನೆಯ ಅನುಕರಣೆಯಲ್ಲದೆ ಬೇರೆ ಕಾರಣ ಕಾಣುವುದಿಲ್ಲ. ಸೋಸಿ ಕುದಿಸುವ ಮನೆಯಲ್ಲಂತೂ ಅದು ವ್ಯರ್ಥ.

ವಿರೋಧ ಬಂದಾಗ

ಇಲ್ಲಿಯವರೆಗೆ ಹೇಳಿದವುಗಳಲ್ಲಿ ಜಲಮಿತಿಯೂ ಅಗ್ನಿಮಿತಿಯೂ ಜೊತೆಯಾಗಿ ನಡೆದುವು. ಆದರೆ ಒಂದನ್ನು ಉಳಿಸಲು ಇನ್ನೊಂದನ್ನು ತೆರಬೇಕಾದ ಸಂದರ್ಭಗಳೂ ಉಂಟು. ದಕ್ಷಿಣ ಬೆಂಗಳೂರಿನ ಅನೇಕ ತಾರಸಿಗಳ ಮೇಲೆ ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸಲಕರಣೆ ಇದೆ. ಅದು ಬೆಂಕಿಯನ್ನು ಉಳಿಸುತ್ತದೆ. ಆದರೆ ಬಿಸಿನೀರು ಕೆಳಗಿನ ಅಂತಸ್ತಿಗೆ ಬರುವ ತನಕ ಕೊಳವೆಯಲ್ಲಿದ್ದ ತಣ್ಣೀರು ಹರಿದುಹೋಗುತ್ತದೆ. ಅಂಥ ಹತ್ತು ಲೀಟರ್ ತಣ್ಣೀರನ್ನು ನಗರಕ್ಕೆ ಏರಿಸಿದ ವೆಚ್ಚವನ್ನು, ಸೂರ್ಯನಿಂದ ಉಳಿದ ವಿದ್ಯುತ್ತಿನೊಡನೆ ತೂಗಿದರೆ ಉಳಿದುದೇ ಹದಿನೈದು ಪಟ್ಟಿಗೂ ಹೆಚ್ಚು. ಆದುದರಿಂದ ಸೂರ್ಯನನ್ನು ಬಿಡಲಾಗದು. ಆ ತಣ್ಣೀರಿನ ಕೆಳಗೆ ಒಂದು ಬಕೆಟ್ಟನ್ನು ಇಟ್ಟರೆ ವಿರೋಧವೇ ಇಲ್ಲವಾಗುತ್ತದೆ.

ಬಳಸಿದ ನೀರನ್ನು ಶುದ್ಧೀಕರಿಸಿ ಶೌಚಾಲಯಕ್ಕೂ ಗಿಡಗಳಿಗೂ ಬಳಸುವ ಬಹುಮಹಡಿ ವಸತಿಗಳಲ್ಲಿ ವಿದ್ಯುತ್ತು ಖರ್ಚಾಗುತ್ತದೆಂಬ ಆಕ್ಷೇಪವಿದೆ. ಚೆನ್ನಾಗಿ ನಡೆಯುವ ಘಟಕದಲ್ಲಿ ಸಾವಿರ ಲೀಟರಿಗೆ ಒಂದು ಯೂನಿಟ್ಟಿನ ಆಚೀಚೆ ವೆಚ್ಚ, ಕಾವೇರಿಯದು ಎರಡು. ಪೂಜೆಗೂ ಅಡಿಗೆಗೂ ಆ ನೀರು ಸಲ್ಲದಿದ್ದರೂ ಶೌಚಾಲಯಕ್ಕೆ ಕಾವೇರಿಯನ್ನೇ ಹರಿಸುವುದಕ್ಕಿಂತ ಅದು ಲೇಸು. ಕೊಳವೆಬಾವಿ ಸಮೀಪದ್ದು, ಆದುದರಿಂದ ಅದರಲ್ಲಿ ಬೆಂಕಿ ಕಡಿಮೆಯೆಂದು ತಿಳಿಯುವುದೂ ಸರಿಯಲ್ಲ. ಸಾವಿರ ಅಡಿಯಿಂದ ಎತ್ತುವ, ಅಷ್ಟೇನೂ ದಕ್ಷವಲ್ಲದ ಮನೆಯ ಪಂಪು ಕಾವೇರಿಯ ನೀರಿನಷ್ಟೇ ವಿದ್ಯುತ್ತನ್ನು ನುಂಗಬಲ್ಲುದು. ಟ್ಯಾಂಕರಿನ ನೀರಿಗೆ ಇದರೊಡನೆ ಡೀಸೆಲಿನ ಹೊಗೆಯೂ ಸೇರುತ್ತದೆ.

ಎಲ್ಲಕ್ಕಿಂತ ನಿರ್ದೋಷವಾದುದು ಮಳೆಯ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ತಾರಸಿಯ ಮೇಲೆ ಅದು ಸುಮಾರು 90,000 ಲೀಟರ್. ಐದರಲ್ಲಿ ಒಂದು ಪಾಲು ಕೈತಪ್ಪಿದರೂ 70,000 ಲೀಟರ್ ದಕ್ಕುತ್ತದೆ. ಹೇಳಿದ ನಾಲ್ವರ ಸಂಸಾರದ ವರ್ಷದ ಅಗತ್ಯದಲ್ಲಿ ಅದು ಮೂರರಲ್ಲೊಂದು ಪಾಲಿಗೂ ಮಿಕ್ಕುತ್ತದೆ. ಅದು 500 ಮೀಟರ್ ಏರಬೇಕಾಗಿಲ್ಲ; ಮೇಲಿನಿಂದಲೇ ಬರುತ್ತದೆ. 2009ರ ಕಾನೂನು ತಿದ್ದುಪಡಿಯು ಮಳೆನೀರಿನ ಸಂಗ್ರಹವನ್ನು ಹಳೆಯ ದೊಡ್ಡ ನಿವೇಶನಗಳಿಗೂ ಹೊಸದಾಗಿ ಕಟ್ಟುವ ಮೂವತ್ತು-ನಲವತ್ತು ಅಡಿ ನಿವೇಶನದ ಮನೆಗಳಿಗೂ ಕಡ್ಡಾಯಗೊಳಿಸಿತು. ಅದನ್ನು ಮಾಡುವ ಬಗೆಯನ್ನು ತೋರಿಸಲೆಂದೇ ಜಯನಗರದ 5ನೆಯ ಬ್ಲಾಕಿನಲ್ಲಿ ಜಲಮಂಡಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಒಂದು ಉದ್ಯಾನವನ್ನು ನಿರ್ಮಿಸಿದೆ. ಶ್ರಾವಕನ ಪಾಲಿಗೆ ಇದು ಕಾನೂನಿನ ಪಾಲನೆಯಷ್ಟೇ ಅಲ್ಲ. ತನ್ನ ಎಲ್ಲೆಯೊಳಗೆ ಬಿದ್ದ ನೀರಿನಿಂದ ಬಾಳುವ, ದೇಶವ್ರತಕ್ಕೆ ಹತ್ತಿರವಾದ ಆಚರಣೆ.

ಇಷ್ಟಾದರೂ ಬಿಡಿಸಲಾಗದ ವಿರೋಧ ಉಳಿದರೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿ ನಿರ್ಣಯಿಸಬೇಕು. ನೀರಿನ ಕೊರತೆ ಕ್ಷೇತ್ರಕ್ಕೂ ಕಾಲಕ್ಕೂ ಬದ್ಧವಾದುದು. 2024ರ ಮಾರ್ಚಿಯಲ್ಲಿ ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದುವು. ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೂ ತೋಟಕ್ಕೆ ಹಾಯಿಸುವವರಿಗೂ ಜಲಮಂಡಳಿಯು 5,000 ರೂಪಾಯಿ ದಂಡವನ್ನು ವಿಧಿಸಿತು. ಅನರ್ಥದಂಡವೆಂದು ಆಚಾರ್ಯರು ಹೇಳಿದುದನ್ನು ಸರ್ಕಾರವು ದಂಡವೆಂದೇ ವಸೂಲು ಮಾಡಬೇಕಾಯಿತು. ಅಂಥ ಬೇಸಗೆಯಲ್ಲಿ ಒಂದು ಮನೆಯಲ್ಲಿ ಹೆಚ್ಚಾಗಿ ಹರಿದ ನೀರು ಬೀದಿಯ ಕೊನೆಯ ಮನೆಯ ಕೊಡಕ್ಕೆ ಕೊರತೆಯಾಗುತ್ತದೆ. ಆಗ ಸ್ವಲ್ಪ ವಿದ್ಯುತ್ತು ಹೆಚ್ಚಾದರೂ ನೀರನ್ನು ಉಳಿಸುವುದೇ ಧರ್ಮ. ಚಾತುರ್ಮಾಸದಲ್ಲಿ ಸ್ಥಿತಿ ಬೇರೆ. ಸಂಪು ತುಂಬಿದೆ, ಆದರೆ ಮೋಡ ಕವಿದು ಬಿಸಿಲಿನ ಸಲಕರಣೆ ಸೋತು ಗೀಸರು ಉರಿಯುತ್ತದೆ. ಆಗ ಬೆಂಕಿಯ ಮಿತಿಗೆ ಹೆಚ್ಚಿನ ಮನ್ನಣೆ ಸಲ್ಲಬೇಕು. ಬತ್ತಿದ ಕೆರೆ ಮುಂದಿನ ಮಳೆಗೆ ತುಂಬಬಹುದು. ಆಕಾಶವನ್ನು ಸೇರಿದ ಇಂಗಾಲ ಒಂದು ಮಳೆಗೆ ಇಳಿಯುವುದಿಲ್ಲ. ಶತಮಾನಗಳವರೆಗೆ ಅಲ್ಲಿಯೇ ಇದ್ದು, ಎಂದೂ ಕಾಣದ ದೇಶಗಳ ಜೀವರಾಶಿಗೂ ಬಾಧೆ ತರುತ್ತದೆ. ಹೀಗೆ ಬೇಸಗೆಯಲ್ಲಿ ನೆರೆಯವನ ದಾಹವೂ ಮಳೆಗಾಲದಲ್ಲಿ ದೂರದ ಜೀವವೂ ಶ್ರಾವಕನ ತಕ್ಕಡಿಯಲ್ಲಿ ತೂಗಬೇಕು.

ಶಂಕೆ: ಇಡೀ ನಗರವೂ ಉದ್ಯಮಗಳೂ ಮಿತಿಯಿಲ್ಲದೆ ಬಳಸುತ್ತಿರುವಾಗ ಒಂದು ಶ್ರಾವಕ ಕುಟುಂಬದ ನಾಲ್ಕು ಬಕೆಟ್ಟಿನಿಂದ ಆಗುವುದೇನು?

ಸಮಾಧಾನ: ವ್ರತದ ಮೊದಲ ಫಲ ವ್ರತಿಗೇ ಸಲ್ಲುತ್ತದೆ. ಪರರ ಪ್ರಮಾದದಿಂದ ತನ್ನ ಪ್ರಮಾದಕ್ಕೆ ಕರ್ಮಬಂಧ ತಪ್ಪುವುದಿಲ್ಲ. ನೆರೆಮನೆಯವರು ರಾತ್ರಿಭೋಜನ ಮಾಡುತ್ತಾರೆಂದು ಯಾವ ಶ್ರಾವಕನೂ ತನ್ನ ನಿಯಮವನ್ನು ಸಡಿಲಿಸಿದುದಿಲ್ಲ. ಲೋಕದ ಲೆಕ್ಕದಲ್ಲಿಯೂ ಈ ಮಾತು ಟೊಳ್ಳಲ್ಲ. ನಗರದ ನೀರು ಬಹುಪಾಲು ಹರಿಯುವುದು ಮನೆಗಳಿಗೇ. ಉದ್ಯಮಗಳಿಗೆ ಮಿತಿ ಹಾಕಬೇಕೆಂದು ಸರ್ಕಾರವನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ತನ್ನ ಮನೆಯ ಲೆಕ್ಕವನ್ನು ಬಲ್ಲವನ ಬಾಯಲ್ಲಿ ಆ ಮಾತಿಗೆ ತೂಕ ಹೆಚ್ಚು.

ಆಚರಣೆಗೆ ಕೆಲವು ನಿಯಮಗಳು

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಈ ಕೆಳಗಿನವುಗಳನ್ನು ಶಕ್ತ್ಯನುಸಾರ ಸ್ವೀಕರಿಸಬಹುದು. ಕುಡಿಯುವ ನೀರನ್ನು ಎಣಿಸಿ ಕುದಿಸುವುದು. ಸ್ನಾನಕ್ಕೆ ಒಂದು ಬಕೆಟ್ಟಿನ ಮಿತಿ. ಉಪವಾಸದ ದಿನ ಪೂಜೆಗೆ ಅಗತ್ಯವಾದ ಸ್ನಾನವನ್ನು ಬಿಟ್ಟು ಬೇರೆ ಸ್ನಾನವಿಲ್ಲ. ಶುಚಿಯಾಗಿರುವ ಬಟ್ಟೆಯನ್ನೂ ನೆಲವನ್ನೂ ಮತ್ತೆ ತೊಳೆಯದಿರುವುದು. ಅಕ್ಕಿ, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು. ಪಾರಣೆಯ ಊಟಕ್ಕೆ ಬಾಳೆಲೆ ಬಳಸಿ ಪಾತ್ರೆ ತೊಳೆಯುವ ನೀರನ್ನು ಉಳಿಸುವುದು. ಬಸದಿ, ಚೈತ್ಯಾಲಯಗಳಲ್ಲಿ ಅಭಿಷೇಕಕ್ಕೆ ಸಣ್ಣ ಕಲಶವನ್ನೇ ಬಳಸುವುದು; ಅಭಿಷೇಕದ ಪುಣ್ಯವು ಭಾವವಿಶುದ್ಧಿಯಿಂದ ಬರುತ್ತದೆಯೇ ಹೊರತು ಕಲಶದ ಗಾತ್ರದಿಂದಲ್ಲ. ಕಟ್ಟಡದ ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಡದಿರುವುದು.

ಎರಡು ಎಚ್ಚರಿಕೆಗಳು ಅವಶ್ಯ. ರೋಗಿಗಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ, ಶಿಶುಗಳಿಗೆ ಈ ಮಿತಿಗಳನ್ನು ಹೇರಲಾಗದು. ಅಂತೆಯೇ ಮಿತಿಯ ಹೊರೆಯೆಲ್ಲ ಅಡಿಗೆಮನೆಯ ಶ್ರಾವಿಕೆಯ ಮೇಲೆಯೋ ಮನೆಗೆಲಸದವಳ ಮೇಲೆಯೋ ಬಿದ್ದು, ಮನೆಯ ಗಂಡಸರ ಸ್ನಾನ ಮಾತ್ರ ಹಿಂದಿನಂತೆಯೇ ನಡೆದರೆ ಅದು ಕುಟುಂಬದ ವ್ರತವಾಗಲಾರದು.

ಕೊನೆಯದಾಗಿ ಒಂದು ಸುಲಭವಾದ ಕ್ರಮ. ಪಕ್ಷಕ್ಕೊಮ್ಮೆ ಚತುರ್ದಶಿಯಂದು ಪಾಕ್ಷಿಕ ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಮೊದಲು ಮನೆಯ ನೀರಿನ ಮೀಟರನ್ನೂ ವಿದ್ಯುತ್ ಮೀಟರನ್ನೂ ಓದಿ, ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕಕ್ಕೆ ಬರೆದಿಡುವುದು. ಆಗಿಹೋದ ದೋಷವನ್ನು ಅರಿತುಕೊಳ್ಳದೆ ಪ್ರತಿಕ್ರಮಣವಿಲ್ಲ. ಮಾಡಿಕೊಂಡ ಮಿತಿಯನ್ನು ಮರೆಯುವುದೂ ಒಂದು ಅತಿಚಾರವೆಂದೇ ಶಾಸ್ತ್ರವು ಹೇಳುತ್ತದೆ. ಮಕ್ಕಳ ಕೈಯಲ್ಲಿಯೇ ಆ ಅಂಕಿಗಳನ್ನು ಬರೆಯಿಸಿದರೆ ತೊರೆಕಾಡನಹಳ್ಳಿ ಎಲ್ಲಿದೆಯೆಂದು ಅವರು ಕೇಳುವರು. ತಮ್ಮ ಮನೆಯ ನೀರು ಯಾವ ನದಿಯದೆಂದೂ ಆಗ ತಿಳಿದುಕೊಳ್ಳುವರು.